ಕಾರಿನಲ್ಲಿ ಪುಂಗಿ ಊದುತ್ತಿದ್ದವರು ಯಾರು?

ನಮ್ಮ ಮನೆಯಲ್ಲಿ ಎರಡು ವರ್ಷ ಒಂದು ಜಗಳ ನಡೆಯಿತು. ದೊಡ್ಡ ಜಗಳವೇನಲ್ಲ. ಕಾರು ಹತ್ತಿದಾಗ ಶುರುವಾಗಿ, ಇಳಿದಾಗ ಮುಗಿಯುವಂಥದ್ದು. ಒಂದು ಕಡೆ ನಾನು, ಇನ್ನೊಂದು ಕಡೆ ನನ್ನ ಹೆಂಡತಿ. ಜಗಳದ ವಸ್ತು ಒಂದು ಸದ್ದು. ಅದು ಇದೆ ಎನ್ನುವುದು ಅವಳ ವಾದ, ಇಲ್ಲ ಎನ್ನುವುದು ನನ್ನ ವಾದ.

ನಾವಿರುವುದು ಸಾಗರದಲ್ಲಿ. ಅವಳ ತವರು ಸಿದ್ದಾಪುರದ ಕಡೆ. ತಿಂಗಳಿಗೊಮ್ಮೆಯಾದರೂ ನಮ್ಮ ಹಳೆಯ ಸಣ್ಣ ಕಾರಿನಲ್ಲಿ ಅಲ್ಲಿಗೆ ಹೋಗಿ ಬರುತ್ತೇವೆ. ಕಾರು ಮೊದಲು ಮಗನದಾಗಿತ್ತು. ಅವನು ಬೆಂಗಳೂರಿನಲ್ಲಿ ಹೊಸದು ಕೊಂಡಾಗ ಇದು ನಮ್ಮ ಪಾಲಿಗೆ ಬಂತು. ಅದರ ಜೊತೆಗೇ ಅವನು ಆರು ವರ್ಷದ ಹಿಂದೆ ಹಾಕಿಸಿದ್ದ ಹಾಡಿನ ವ್ಯವಸ್ಥೆಯೂ ಬಂತು. ಮುಂದೆ ಸ್ಟೀರಿಯೊ, ಡ್ರೈವರ್ ಪಕ್ಕದ ಸೀಟಿನ ಕೆಳಗೆ ಆಂಪ್ಲಿಫೈಯರ್ ಎಂಬ ಪೆಟ್ಟಿಗೆ, ಬಾಗಿಲುಗಳಲ್ಲಿ ಸ್ಪೀಕರು. ಅವನು ಕೇಳುತ್ತಿದ್ದ ಹಾಡು ಕೇಳಿದರೆ ಕಾರಿನ ಗಾಜೇ ನಡುಗುತ್ತಿತ್ತು. ನನ್ನ ಹೆಂಡತಿ ಕೇಳುವುದು ತಾಳಮದ್ದಳೆ. ಒಂದು ಪೆನ್ ಡ್ರೈವ್ ತುಂಬ ತುಂಬಿಸಿಕೊಟ್ಟಿದ್ದಾನೆ ಮಗ.

ತಾಳಮದ್ದಳೆಯ ಸೊಗಸು ಇರುವುದೇ ಮಾತಿನಲ್ಲಿ. ಅರ್ಥಧಾರಿ ಒಂದು ಮಾತು ಹೇಳಿ ಸುಮ್ಮನಾಗುತ್ತಾನೆ. ಆ ಸುಮ್ಮನಿರುವ ಹೊತ್ತಿನಲ್ಲಿ ಎದುರಿನ ಪಾತ್ರಧಾರಿ ಏನು ಹೇಳಿಯಾನು ಎಂದು ಕಾಯುವುದೇ ಒಂದು ಸುಖ. ಆದರೆ ಆ ಹೊತ್ತಿಗೆ ಸರಿಯಾಗಿ ಸ್ಪೀಕರಿನಿಂದ ‘ಕುಂಯ್’ ಎಂದು ಯಾರೋ ಪುಂಗಿ ಊದಿದಂತೆ ಸದ್ದು ಬರುತ್ತದೆ ಎನ್ನುವುದು ಅವಳ ದೂರು.

“ಗಾಡಿ ನಿಂತಾಗ ಸ್ವಲ್ಪ ಗುಂಯ್ ಅನ್ನುತ್ತೆ, ಹೊರಟ ಮೇಲೆ ನಿಲ್ಲುತ್ತಲ್ಲ” ಎಂದೆ ನಾನು.

“ನಿಲ್ಲೋದೆಲ್ಲಿ ಬಂತು? ನೀವು ಜೋರು ಹೋದಷ್ಟೂ ಅದೂ ಜೋರು ಕೂಗುತ್ತೆ” ಎಂದಳು ಅವಳು.

ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ಗುಮಾಸ್ತನಾಗಿದ್ದವನು ನಾನು. ನನಗೆ ಕೇಳಿಸದ್ದು ಇಲ್ಲವೇ ಇಲ್ಲ ಎಂಬ ಧೈರ್ಯ. ಆದರೂ ಅವಳ ಸಮಾಧಾನಕ್ಕೆ ಒಂದು ಅಂಗಡಿಗೆ ಹೋದೆ. “ಇಂಜಿನ್ ಓಡುವಾಗ, ಗಾಡಿ ನಿಂತಿದ್ದರೆ ಮಾತ್ರ ಸದ್ದು, ಹೊರಟರೆ ಇಲ್ಲ” ಎಂದು ಖಡಾಖಂಡಿತವಾಗಿ ಹೇಳಿದೆ. ಹುಡುಗರು ಸ್ಟೀರಿಯೊ ಬಿಚ್ಚಿ ಹಿಂದಿನ ವೈರು ಬದಲಿಸಿದರು, ಸಣ್ಣದೊಂದು ಫಿಲ್ಟರ್ ಹಾಕಿದರು. ದುಡ್ಡು ಹೋಯಿತು. ಸದ್ದು ಹೋಗಲಿಲ್ಲ ಎಂದಳು ಹೆಂಡತಿ.

ಆಗ ನಾನು ಮಾಡಿದ ಕೆಲಸವನ್ನು ಈಗ ಹೇಳಲು ನಾಚಿಕೆಯಾಗುತ್ತದೆ. “ದೋಷ ಕಾರಿನಲ್ಲಿಲ್ಲ, ನಿನ್ನ ಕಿವಿಯಲ್ಲಿದೆ” ಎಂದು ಅವಳನ್ನು ಕಿವಿ, ಮೂಗು, ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಪರೀಕ್ಷೆ ಮಾಡಿ, “ಅಮ್ಮನ ಕಿವಿ ವಯಸ್ಸಿಗೆ ತುಂಬ ಚೆನ್ನಾಗಿದೆ” ಎಂದರು. ವಾಪಸು ಬರುವಾಗ ಅವಳು ಒಂದು ಮಾತೂ ಆಡಲಿಲ್ಲ. ಮುಂದಿನ ಪ್ರಯಾಣದಿಂದ ತಾಳಮದ್ದಳೆ ಹಾಕುವುದನ್ನೂ ಬಿಟ್ಟಳು. ನಾನು ಗೆದ್ದೆ ಎಂದುಕೊಂಡೆ.

ಏಪ್ರಿಲ್ ರಜೆಯಲ್ಲಿ ಮೊಮ್ಮಗಳು ಬಂದಳು. ಏಳನೇ ತರಗತಿ ಮುಗಿಸಿದ್ದಾಳೆ. ಕಾರು ಹತ್ತಿದ ಕೂಡಲೇ ಸ್ಟೀರಿಯೊ ಹಾಕಿದಳು. ಹಾಡಿನ್ನೂ ಶುರುವಾಗಿರಲಿಲ್ಲ.

“ಅಜ್ಜಾ, ಇದೇನಿದು ಕುಂಯ್ ಅಂತಿದೆ?”

“ಹೊರಟ ಮೇಲೆ ನಿಲ್ಲುತ್ತೆ ಪುಟ್ಟಿ.”

ಹೊರಟೆವು. ಎರಡನೇ ಗೇರು, ಮೂರನೇ ಗೇರು. “ನಿಂತಿಲ್ಲ ಅಜ್ಜ! ನೀನು ಆಕ್ಸಿಲರೇಟರ್ ಒತ್ತಿದ ಹಾಗೆ ಮೇಲೆ ಮೇಲೆ ಹೋಗ್ತಿದೆ. ಕುಂ... ಕೂಂ... ಕೀಂ... ಹೀಗೆ” ಎಂದು ಸ್ವರ ಏರಿಸಿ ತೋರಿಸಿದಳು. ಹಿಂದಿನ ಸೀಟಿನಿಂದ ಹೆಂಡತಿ ಒಮ್ಮೆ ಕೆಮ್ಮಿದಳು. ಆ ಕೆಮ್ಮಿಗೆ ಅರ್ಥಧಾರಿ ಬೇಕಿರಲಿಲ್ಲ.

ಮನೆಗೆ ಬಂದು ಅಂಗಳದಲ್ಲಿ ಪರೀಕ್ಷೆ ಇಟ್ಟೆ. ಗಾಜು ಏರಿಸಿ, ಗೇರು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಹಾಡು ನಿಲ್ಲಿಸಿದೆ. “ಸದ್ದು ಕೇಳುವಷ್ಟು ಹೊತ್ತೂ ಕೈ ಎತ್ತಿರಬೇಕು” ಎಂದು ಇಬ್ಬರಿಗೂ ಹೇಳಿ ಆಕ್ಸಿಲರೇಟರ್ ನಿಧಾನ ಒತ್ತಿದೆ. ಮೊದಲು ನನಗೂ ಸಣ್ಣಗೆ ಗುಂಯ್ ಕೇಳಿತು. ಇಂಜಿನ್ ವೇಗ ಹೆಚ್ಚಾಗುತ್ತಿದ್ದಂತೆ ಅದು ತೆಳ್ಳಗಾಗುತ್ತ ಹೋಗಿ ನಿಂತೇ ಹೋಯಿತು. ಈಗ ಕೈ ಇಳಿದಿರಬೇಕು ಎಂದು ಕನ್ನಡಿಯಲ್ಲಿ ನೋಡಿದೆ. ಹಿಂದಿನ ಸೀಟಿನಲ್ಲಿ ಎರಡು ಕೈ ಎತ್ತಿಯೇ ಇದ್ದವು. ಒಂದು ಹನ್ನೆರಡು ವರ್ಷದ ಕೈ, ಒಂದು ಅರವತ್ತೆಂಟು ವರ್ಷದ, ಬಳೆ ತೊಟ್ಟ ಕೈ.

ಸದ್ದು ನಿಂತಿರಲಿಲ್ಲ. ನನ್ನ ಕಿವಿ ನಿಂತಿತ್ತು.

ಆ ರಾತ್ರಿ ನನಗೆ ಬ್ಯಾಂಕಿನ ಒಂದು ಹಳೆಯ ಸಂಗತಿ ನೆನಪಾಯಿತು. ಕಂಪ್ಯೂಟರ್ ಇಲ್ಲದ ಕಾಲ. ದಪ್ಪ ದಪ್ಪ ಲೆಡ್ಜರುಗಳಲ್ಲಿ ಕೈಯಲ್ಲೇ ಬರೆಯುತ್ತಿದ್ದೆವು. ಒಬ್ಬ ವಯಸ್ಸಾದ ಹೆಂಗಸು ಬಂದು, “ಸ್ವಾಮಿ, ನನ್ನ ಪುಸ್ತಕದಲ್ಲಿ ನಲವತ್ತೈದು ರೂಪಾಯಿ ಕಡಿಮೆ ಬರೆದಿದ್ದೀರಿ” ಎಂದರು. ನಾನು ಲೆಡ್ಜರ್ ತೆಗೆದು ನೋಡಿ, “ಲೆಡ್ಜರ್ ಸುಳ್ಳು ಹೇಳುವುದಿಲ್ಲಮ್ಮ” ಎಂದು ಕಳಿಸಿಬಿಟ್ಟೆ. ತಿಂಗಳ ಕೊನೆಗೆ ಬ್ಯಾಲೆನ್ಸ್ ತೆಗೆದಾಗ ಲೆಕ್ಕ ತಾಳೆಯಾಗಲಿಲ್ಲ. ವ್ಯತ್ಯಾಸ 45 ರೂಪಾಯಿ. ಹೆಡ್ ಕ್ಲಾರ್ಕ್ ಹೇಳಿದರು, “ಒಂಬತ್ತರಿಂದ ಭಾಗವಾಗುತ್ತೆ ನೋಡು. ಯಾರೋ ಅಂಕಿ ಹಿಂದೆ ಮುಂದೆ ಬರೆದಿದ್ದಾರೆ.” ಹುಡುಕಿದರೆ, ಆ ಅಮ್ಮ ಕಟ್ಟಿದ್ದ 72 ರೂಪಾಯಿಯನ್ನು ಲೆಡ್ಜರಿನಲ್ಲಿ 27 ಎಂದು ಬರೆಯಲಾಗಿತ್ತು. ಬರೆದವನು ನಾನೇ.

ಮಕ್ಕಳೇ, ನೀವೂ ಮಾಡಿ ನೋಡಿ. ಎರಡಂಕಿಯ ಯಾವುದೇ ಸಂಖ್ಯೆ ತೆಗೆದುಕೊಳ್ಳಿ, ಅಂಕಿಗಳನ್ನು ಅದಲುಬದಲು ಮಾಡಿ, ದೊಡ್ಡದರಿಂದ ಸಣ್ಣದನ್ನು ಕಳೆಯಿರಿ. 83 ಮತ್ತು 38: ವ್ಯತ್ಯಾಸ 45. 61 ಮತ್ತು 16: ವ್ಯತ್ಯಾಸ 45. 92 ಮತ್ತು 29: ವ್ಯತ್ಯಾಸ 63. ಎಲ್ಲವೂ ಒಂಬತ್ತರ ಮಗ್ಗಿಯಲ್ಲೇ ಬರುತ್ತವೆ. ಅಂದರೆ ತಪ್ಪಿಗೂ ಒಂದು ಮುಖಲಕ್ಷಣ ಇರುತ್ತದೆ. ಅದನ್ನು ನೋಡಿದರೆ ತಪ್ಪು ಎಲ್ಲಿರಬಹುದೆಂದು ಊಹಿಸಬಹುದು. ಆದರೆ ಮೊದಲು ಕೊಟ್ಟ ಮಾಹಿತಿಯೇ ತಪ್ಪಾಗಿದ್ದರೆ ಎಷ್ಟು ಕೂಡಿ ಕಳೆದರೂ ಲೆಕ್ಕ ಸರಿಯಾಗುವುದಿಲ್ಲ. ಅಂಗಡಿಯವರಿಗೆ ನಾನು ಕೊಟ್ಟದ್ದು ಅಂಥ ಮಾಹಿತಿ. ಅವರದೇನೂ ತಪ್ಪಿರಲಿಲ್ಲ.

ಮರುದಿನ ನಮ್ಮ ಬೀದಿಯ ಆಟೋ ಎಲೆಕ್ಟ್ರಿಷಿಯನ್ ಹುಡುಗನನ್ನು ಕರೆದೆ. ಈ ಸಲ ಮಾತಾಡಿದವಳು ಮೊಮ್ಮಗಳು. “ಇಂಜಿನ್ ವೇಗದ ಜೊತೆ ಸದ್ದು ಏರುತ್ತೆ, ಇಳಿಯುತ್ತೆ ಅಂಕಲ್” ಎಂದಳು. ಅವನು ನಕ್ಕು, “ಹಾಗಾದ್ರೆ ಆಲ್ಟರ್ನೇಟರ್ ಸದ್ದು. ನಿಮ್ಮಜ್ಜ ಬೇರೆ ಥರ ಹೇಳಿದ್ದರಲ್ಲ!” ಎಂದ.

ಆಲ್ಟರ್ನೇಟರ್ ಎಂದರೆ ಇಂಜಿನ್ನಿನ ಬೆಲ್ಟಿನಿಂದ ತಿರುಗಿ ಕರೆಂಟು ಹುಟ್ಟಿಸುವ ಯಂತ್ರ. ಬ್ಯಾಟರಿ ತುಂಬಿಸುವುದು ಅದರ ಕೆಲಸ. ಇಂಜಿನ್ ನಿಂತಾಗ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಇಂಜಿನ್ ಓಡುವಾಗ ಅದು ಸುಮಾರು 14 ಆಗುತ್ತದೆ. ಆಲ್ಟರ್ನೇಟರಿನಲ್ಲಿ ಹುಟ್ಟುವುದು ಅತ್ತಿತ್ತ ಹೊಯ್ದಾಡುವ ಎ.ಸಿ. ಕರೆಂಟು. ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಆದರೂ ಅದು ಕೆರೆಯ ನೀರಿನಂತೆ ಪೂರ್ತಿ ಸಮವಾಗುವುದಿಲ್ಲ, ಮೇಲೆ ಸಣ್ಣ ಸಣ್ಣ ಅಲೆ ಉಳಿಯುತ್ತವೆ. ಆ ಅಲೆ ಸ್ಪೀಕರಿಗೆ ನುಸುಳಿದರೆ ಅದೇ ಪುಂಗಿ.

ಲೆಕ್ಕ ಇಷ್ಟಪಡುವ ಮಕ್ಕಳಿಗೆ ಇನ್ನೊಂದು ಲೆಕ್ಕ. ಸಾಮಾನ್ಯವಾಗಿ ಕಾರಿನ ಆಲ್ಟರ್ನೇಟರ್ ಒಂದು ಸುತ್ತಿಗೆ 36 ಅಲೆ ಎಬ್ಬಿಸುತ್ತದೆ. ಇಂಜಿನ್ ಒಂದು ಸುತ್ತು ಸುತ್ತಿದರೆ ಅದು ಎರಡೂವರೆ ಸುತ್ತು ಸುತ್ತುತ್ತದೆ ಎಂದಿಟ್ಟುಕೊಳ್ಳಿ. ನಿಂತ ಕಾರಿನ ಇಂಜಿನ್ ನಿಮಿಷಕ್ಕೆ 800 ಸುತ್ತು; ಆಲ್ಟರ್ನೇಟರ್ 2,000 ಸುತ್ತು. ಅದನ್ನು 36ರಿಂದ ಗುಣಿಸಿ 60ರಿಂದ ಭಾಗಿಸಿದರೆ ಸೆಕೆಂಡಿಗೆ 1,200 ಅಲೆ. ಇದು ನನ್ನ ಕಿವಿಗೂ ಕೇಳುತ್ತದೆ. ಇಂಜಿನ್ 2,400 ಸುತ್ತಿಗೆ ಏರಿದರೆ ಅದೇ ಸದ್ದು ಮೂರು ಪಟ್ಟು, ಅಂದರೆ 3,600 ಅಲೆಗೆ ಏರುತ್ತದೆ. ಮನುಷ್ಯನ ಕಿವಿ ಎಳೆಯದಿರುವಾಗ ಸುಮಾರು 20ರಿಂದ 20,000 ಅಲೆಯವರೆಗೆ ಕೇಳಬಲ್ಲದು. ವಯಸ್ಸಾದಂತೆ ಮೇಲಿನ ಸ್ವರಗಳು ಮೊದಲು ಕೈಬಿಡುತ್ತವೆ. ಪುಂಗಿ ಮೆಟ್ಟಿಲು ಹತ್ತಿ ಹೋಗುತ್ತಿತ್ತು, ನಾನು ಕೆಳಗಿನ ಜಗಲಿಯಲ್ಲೇ ಕುಳಿತು “ಮನೆಯಲ್ಲಿ ಯಾರೂ ಇಲ್ಲ” ಎನ್ನುತ್ತಿದ್ದೆ.

ಕಾರಿನಲ್ಲಿ ಹಾಡು ಕೇಳಬೇಕೆಂದವರಿಗೆ ಇದು ಹೊಸ ತಾಪತ್ರಯವೇನಲ್ಲ. 1930ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಗಾಲ್ವಿನ್ ಸಹೋದರರ ಕಂಪನಿ ಕಾರಿಗೆಂದು ರೇಡಿಯೊ ಮಾಡಿ ಮಾರಲು ಹೊರಟಾಗ ದೊಡ್ಡ ತೊಡಕಾಗಿದ್ದದ್ದು ಇಂಜಿನ್ನಿನ ಕಿಡಿಯಿಂದ ಬರುವ ಗರಗರ ಸದ್ದೇ. ಅದನ್ನು ಅಡಗಿಸಲು ಬೇರೆ ಬಿಡಿಭಾಗಗಳನ್ನೇ ಜೋಡಿಸಬೇಕಾಗುತ್ತಿತ್ತು. ಮೋಟಾರಿನಲ್ಲಿ ಹಾಡುವ ಆ ರೇಡಿಯೊಗೆ ಅವರಿಟ್ಟ ಹೆಸರು ಮೊಟೊರೊಲಾ. 1947ರಲ್ಲಿ ಕಂಪನಿಯ ಹೆಸರೂ ಅದೇ ಆಯಿತು.

ನಮ್ಮ ತನಿಖೆಗೆ ಬರೋಣ. ನಾನೊಂದು ನೋಟುಬುಕ್ಕು ಹಿಡಿದೆ. ಬ್ಯಾಂಕಿನ ನಿಯಮವನ್ನೇ ಹಾಕಿದೆ: ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದಕ್ಕೂ ಒಂದು ಟಿಕ್. ಕೈ ಎಲೆಕ್ಟ್ರಿಷಿಯನ್ ಹುಡುಗನದು, ಕಿವಿ ಮೊಮ್ಮಗಳದು, ಬರವಣಿಗೆ ನನ್ನದು. ಅಜ್ಜಿ ಕಾಫಿ ತಂದವಳು ಹೋಗದೆ ಅಲ್ಲೇ ನಿಂತಳು.

ಮೊದಲನೆಯದು: ಇಂಜಿನ್ ಹಚ್ಚದೆ ಸ್ಟೀರಿಯೊ ಮಾತ್ರ ಹಾಕಿದೆವು. ಸದ್ದಿಲ್ಲ. ಆದ್ದರಿಂದ ಸ್ಪೀಕರು ಕೆಟ್ಟಿಲ್ಲ.

ಎರಡನೆಯದು: ಇಂಜಿನ್ ಹಚ್ಚಿ, ವಾಲ್ಯೂಮ್ ಸೊನ್ನೆಗೆ ಇಳಿಸಿದೆವು. ಸದ್ದು ಇದ್ದಷ್ಟೇ ಇದೆ. ಅಂದರೆ ಅದು ಪೆನ್ ಡ್ರೈವಿನಿಂದಲೋ ರೇಡಿಯೊದಿಂದಲೋ ಬರುತ್ತಿಲ್ಲ. ಹಾಗಿದ್ದರೆ ವಾಲ್ಯೂಮ್ ಜೊತೆ ಅದೂ ಇಳಿಯಬೇಕಿತ್ತು. ವಾಲ್ಯೂಮ್ ಗುಂಡಿ ದಾಟಿದ ಮೇಲೆ ಎಲ್ಲೋ ಸೇರಿಕೊಳ್ಳುತ್ತಿದೆ.

ಮೂರನೆಯದು: ಎಲ್ಲ ಆಫ್ ಮಾಡಿ, ಸ್ಟೀರಿಯೊದಿಂದ ಆಂಪ್ಲಿಫೈಯರಿಗೆ ಹಾಡು ತರುವ ವೈರಿನ ಪಿನ್ನುಗಳನ್ನು ಕಿತ್ತು, ಮತ್ತೆ ಇಂಜಿನ್ ಹಚ್ಚಿದೆವು. ಪುಂಗಿ ಮಾಯ!

ನಾಲ್ಕನೆಯದು: ಅದೇ ಪಿನ್ನಿನ ಜಾಗಕ್ಕೆ, ಚಾರ್ಜರಿಗೆ ಸಿಕ್ಕಿಸದ ಮೊಬೈಲಿನಿಂದ ವೈರು ಕೊಟ್ಟು ತಾಳಮದ್ದಳೆ ಹಾಕಿದೆವು. ಮಾತು ಸ್ವಚ್ಛ, ಸುಮ್ಮನಿರುವಲ್ಲಿ ಪೂರ್ತಿ ಮೌನ. ಆದ್ದರಿಂದ ಆಂಪ್ಲಿಫೈಯರಿನ ಹೊಟ್ಟೆಯಲ್ಲೂ ದೋಷವಿಲ್ಲ. ಸ್ಟೀರಿಯೊ, ಆಂಪ್ಲಿಫೈಯರ್ ಎರಡೂ ಬೇರೆ ಬೇರೆಯಾಗಿ ಸರಿ ಇವೆ. ಜೊತೆ ಸೇರಿಸಿದರೆ ಕೂಗುತ್ತದೆ.

“ಅರ್ತ್ ಸರಿ ಇಲ್ಲ” ಎಂದ ಹುಡುಗ.

ಮನೆಯ ಬಲ್ಬಿಗೆ ಎರಡು ವೈರು ಹೋಗುವುದನ್ನು ನೋಡಿದ್ದೀರಿ. ಕಾರಿನಲ್ಲಿ ಹೆಚ್ಚಿನ ಕಡೆ ಒಂದೇ ವೈರು. ಕರೆಂಟು ಹಿಂದಿರುಗುವ ದಾರಿ ಕಾರಿನ ಕಬ್ಬಿಣದ ಮೈಯೇ. ಬ್ಯಾಟರಿಯ ಮೈನಸ್ ತುದಿಯನ್ನು ಆ ಮೈಗೆ ಕಟ್ಟಿರುತ್ತಾರೆ, ಅದಕ್ಕೆ ಅರ್ತ್ ಎನ್ನುತ್ತಾರೆ. ಸ್ಟೀರಿಯೊಗೆ ಒಂದು ಕಡೆ ಅರ್ತ್, ಆಂಪ್ಲಿಫೈಯರಿಗೆ ಇನ್ನೊಂದು ಕಡೆ. ಎರಡೂ ಕಡೆ ‘ಸೊನ್ನೆ’ ಒಂದೇ ಆಗಿರಬೇಕು. ಒಂದು ಕಡೆ ತುಕ್ಕು ಹಿಡಿದರೆ ಅಲ್ಲಿನ ಸೊನ್ನೆ ಸೊನ್ನೆಯಾಗಿ ಉಳಿಯುವುದಿಲ್ಲ. ಆಗ ಕರೆಂಟಿನ ಒಂದು ಪಾಲು ಮುಚ್ಚಿಹೋದ ಕಾಲುವೆ ಬಿಟ್ಟು ಪಕ್ಕದ ಗದ್ದೆಗೆ ನುಗ್ಗುವ ನೀರಿನ ಹಾಗೆ, ಹಾಡಿನ ವೈರಿನ ಮೇಲಿನ ಹೆಣಿಗೆಯಲ್ಲಿ ಹರಿಯುತ್ತದೆ. ಆಲ್ಟರ್ನೇಟರಿನ ಅಲೆಯೂ ಅದರ ಜೊತೆ ಬರುತ್ತದೆ.

ಸೀಟು ಸರಿಸಿ ನೋಡಿದರೆ, ಅರ್ತ್ ವೈರನ್ನು ಪೇಂಟು ಕೆರೆಯದೆಯೇ ನೆಲದ ತಗಡಿಗೆ ಒಂದು ಸ್ಕ್ರೂ ಹಾಕಿ ಸಿಕ್ಕಿಸಿದ್ದರು. ನಮ್ಮೂರಿನ ಮಳೆ ಗೊತ್ತಲ್ಲ. ನಾಲ್ಕು ತಿಂಗಳು ಒದ್ದೆ ಚಪ್ಪಲಿ, ಒದ್ದೆ ಕೊಡೆ, ಕಾಲಿನ ಕೆಳಗಿನ ಮ್ಯಾಟು ಒಣಗುವುದೇ ಇಲ್ಲ. ಸ್ಕ್ರೂ ಸುತ್ತ ಕೆಂಪಗೆ ತುಕ್ಕು. ಇಂಜಿನ್ ಹಚ್ಚಿ, ಹಾಡು ಹಾಕಿ, ಅಲ್ಲಿಗೂ ಬ್ಯಾಟರಿಯ ಮೈನಸ್ ತುದಿಗೂ ಮೀಟರ್ ಹಿಡಿದರೆ ಹೆಚ್ಚುಕಡಿಮೆ ಸೊನ್ನೆ ಬರಬೇಕಾದಲ್ಲಿ ಅರ್ಧ ವೋಲ್ಟ್ ಬಂತು. ನನ್ನ ನೋಟುಬುಕ್ಕಿನಲ್ಲಿ ವ್ಯತ್ಯಾಸ ಸಿಕ್ಕಿತ್ತು.

ತಗಡನ್ನು ಹೊಳೆಯುವಷ್ಟು ಕೆರೆದು, ಬಳೆಯಾಕಾರದ ತುದಿಯಿರುವ ಹೊಸ, ಗಿಡ್ಡ ವೈರನ್ನು ಬೋಲ್ಟು ಹಾಕಿ ಬಿಗಿದು, ಮೇಲೆ ಮತ್ತೆ ತುಕ್ಕು ಹಿಡಿಯದಂತೆ ವ್ಯಾಸಲೀನ್ ಸವರಿದ. ಪುಂಗಿ ಹೆಚ್ಚುಕಡಿಮೆ ನಿಂತಿತು. “ಇನ್ನೂ ಚೂರೇ ಚೂರು ಇದೆ” ಎಂದಳು ಮೊಮ್ಮಗಳು. ನನಗಂತೂ ಏನೂ ಕೇಳಲಿಲ್ಲ. ಆದರೆ ಈ ಸಲ ನಾನು ಬಾಯಿ ತೆರೆಯಲಿಲ್ಲ.

“ಕರೆಂಟಿನ ವೈರು, ಹಾಡಿನ ವೈರು ಎರಡೂ ಒಟ್ಟಿಗೆ ಕಟ್ಟಿರಬೇಕು, ಬೇರೆ ಬೇರೆ ಬದಿಗೆ ಹಾಕೋಣ” ಎಂದು ಹುಡುಗ ಮ್ಯಾಟು ಎತ್ತಿದ. ಕರೆಂಟಿನ ಕೆಂಪು ವೈರನ್ನು ಹಿಡಿದು ಬಾನೆಟ್ಟಿನವರೆಗೆ ಹೋದವನು ಅಲ್ಲೇ ಸುಮ್ಮನೆ ನಿಂತ. ಆಮೇಲೆ ಏನೂ ಹೇಳದೆ ಮೊದಲು ಬ್ಯಾಟರಿಯ ಮೈನಸ್ ತುದಿ ಬಿಚ್ಚಿದ. “ಸಾರ್, ಇಲ್ಲಿ ಬನ್ನಿ” ಎಂದ.

ಇಂಜಿನ್ ಕೋಣೆಯಿಂದ ಕಾರಿನೊಳಗೆ ಬರುವ ತಗಡಿನ ತೂತಿನಲ್ಲಿ ರಬ್ಬರಿನ ಬಳೆ ಇರಲಿಲ್ಲ. ಆರು ವರ್ಷ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ವೈರಿನ ಕೆಂಪು ಸಿಪ್ಪೆ ಸವೆದು, ಒಳಗಿನ ತಾಮ್ರ ಇಣುಕುತ್ತಿತ್ತು. ಬ್ಯಾಟರಿಯಿಂದ ನೇರ ಬಂದ ಆ ವೈರಿಗೆ ಫ್ಯೂಸೇ ಇರಲಿಲ್ಲ. ತಾಮ್ರ ತಗಡಿಗೆ ತಾಗಿದ್ದರೆ ಬ್ಯಾಟರಿ ನೂರಾರು ಆಂಪಿಯರ್ ಕರೆಂಟನ್ನು ಒಮ್ಮೆಗೇ ಸುರಿಯುತ್ತಿತ್ತು. ವೈರು ಹೀಟರಿನ ಸುರುಳಿಯಂತೆ ಕಾದು ಕೆಂಪಾಗಿ ಮ್ಯಾಟಿಗೆ ಬೆಂಕಿ ಹಿಡಿಯುತ್ತಿತ್ತು. ಆ ವೈರು ಹೋಗಿ ಸೇರುತ್ತಿದ್ದದ್ದು ಮುಂದಿನ ಎಡಗಡೆಯ ಸೀಟಿನ ಕೆಳಗೆ. ನಾವಿಬ್ಬರೇ ಹೋಗುವಾಗ ಅಲ್ಲಿ ಕೂರುವವಳು ನನ್ನ ಹೆಂಡತಿ. ನನ್ನ ಕೈಯಲ್ಲಿದ್ದ ಕಾಫಿ ಲೋಟ ಹಾಗೇ ತಣ್ಣಗಾಯಿತು.

ಹುಡುಗ ಹೊಸ ವೈರು ಎಳೆದ. ಬ್ಯಾಟರಿಯಿಂದ ಒಂದು ಮೊಳದೊಳಗೇ ಫ್ಯೂಸ್ ಹಾಕಿದ. ಫ್ಯೂಸ್ ಇರುವುದು ವೈರನ್ನು ಕಾಯಲು. ದೂರದಲ್ಲಿದ್ದರೆ ಅದಕ್ಕೂ ಮೊದಲಿನ ವೈರಿಗೆ ಕಾವಲಿಲ್ಲ. ತೂತಿಗೆ ರಬ್ಬರ್ ಬಳೆ ತೊಡಿಸಿದ. ಕರೆಂಟಿನ ವೈರು ಎಡಗಡೆ, ಹಾಡಿನ ವೈರು ಬಲಗಡೆ. ಇಂಜಿನ್ ಹಚ್ಚಿ ಮೊಮ್ಮಗಳತ್ತ ನೋಡಿದೆವು. ಅವಳು ಕಣ್ಣು ಮುಚ್ಚಿ ಕೇಳಿ ಕೈ ಇಳಿಸಿದಳು. ಅಜ್ಜಿಯ ಕೈಯೂ ಇಳಿಯಿತು.

ನಿಮ್ಮ ಮನೆಯ ಕಾರಿನಲ್ಲೂ ಸದ್ದಿದ್ದರೆ ಮೊದಲು ಅದರ ಲಕ್ಷಣ ಬರೆದುಕೊಳ್ಳಿ. ಇಂಜಿನ್ ವೇಗದ ಜೊತೆ ಏರುವ ಕುಂಯ್ ಆದರೆ ಆಲ್ಟರ್ನೇಟರ್ ಮತ್ತು ಅರ್ತ್ ಕಡೆ ನೋಡಿ. ಇಂಜಿನ್ ಜೊತೆ ಟಿಕ್ ಟಿಕ್ ಎಂದರೆ ಕಿಡಿ ಹಾರಿಸುವ ಪ್ಲಗ್ಗಿನ ಕಡೆ. ಮೊಬೈಲನ್ನು ಚಾರ್ಜಿಗೂ ಹಾಕಿ, ವೈರಿನಲ್ಲಿ ಸ್ಟೀರಿಯೊಗೂ ಸಿಕ್ಕಿಸಿದಾಗ ಮಾತ್ರ ಕೂಗಿದರೆ ಚಾರ್ಜರ್ ಕಿತ್ತು ನೋಡಿ. ದಪ್ಪ ಸ್ವರ ಬಂದಾಗ ಮಾತ್ರ ಗಡಗಡ ಎಂದರೆ ಅದು ಕರೆಂಟಿನ ದೋಷವಲ್ಲ, ಬಾಗಿಲಿನ ಸಡಿಲ ಸ್ಕ್ರೂ. ಮಕ್ಕಳೇ, ಕೇಳುವ ಕೆಲಸ, ಬರೆಯುವ ಕೆಲಸ ನೀವು ಮಾಡಿ. ಬ್ಯಾಟರಿಗೆ ಕೈ ಹಾಕುವ ಕೆಲಸ ಗೊತ್ತಿರುವ ದೊಡ್ಡವರಿಗೆ ಬಿಡಿ. ದೊಡ್ಡವರು ಬಿಚ್ಚುವಾಗ ಮೈನಸ್ ತುದಿಯನ್ನೇ ಮೊದಲು ಬಿಚ್ಚಬೇಕು. ಆಗ ಸ್ಪ್ಯಾನರ್ ಕಾರಿನ ಮೈಗೆ ತಾಗಿದರೂ ಕಿಡಿ ಹಾರುವುದಿಲ್ಲ.

ಆ ಭಾನುವಾರ ಸಿದ್ದಾಪುರಕ್ಕೆ ಹೊರಟೆವು. ಎರಡು ವರ್ಷದ ಮೇಲೆ ಕಾರಿನಲ್ಲಿ ತಾಳಮದ್ದಳೆ. ಕೃಷ್ಣ ಒಂದು ಮಾತು ಹೇಳಿ ಸುಮ್ಮನಾದ.

“ಈಗ ಇದೆಯಾ ಸದ್ದು?” ಎಂದೆ ಮೆಲ್ಲಗೆ.

“ನಿಮಗೆ ಕೇಳಿಸುತ್ತಾ?”

“ಇಲ್ಲ.”

“ಹಾಗಾದ್ರೆ ಇಲ್ಲ ಅಂತಲೇ ಅಲ್ವಾ ಲೆಕ್ಕ?” ಎಂದಳು. ಮೊಮ್ಮಗಳು ಕಿಸಕ್ಕನೆ ನಕ್ಕಳು. ಸ್ವಲ್ಪ ಹೊತ್ತು ಬಿಟ್ಟು ಅವಳೇ, “ಅರ್ಥ ಹೇಳೋರು ಸರಿಯಾಗೇ ಹೇಳ್ತಿದ್ರು. ಅರ್ತ್ ಸರಿ ಇರಲಿಲ್ಲ, ಅಷ್ಟೇ” ಎಂದಳು. ಅವಳು ನನ್ನನ್ನು ಕ್ಷಮಿಸಿದ್ದಾಳೆ ಎಂದು ಗೊತ್ತಾಯಿತು.

ಮರುವಾರ ಅದೇ ಡಾಕ್ಟರ ಹತ್ತಿರ ಹೋದೆ, ಈ ಸಲ ನನ್ನ ಕಿವಿ ತೋರಿಸಲು. ಜೊತೆಗೆ ಬಂದವಳು ಅವಳು. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಆಮೇಲೆ ಗ್ರಾಫ್ ತೋರಿಸಿದರು. ಗೆರೆ ಅರ್ಧದವರೆಗೆ ಸಮತಟ್ಟಾಗಿ ಬಂದು, ಆಮೇಲೆ ನಮ್ಮ ಜೋಗದ ರಾಜನ ಹಾಗೆ ಧುಮುಕಿತ್ತು. “ಜನ ಮಾತಾಡೋದು ಕೇಳುತ್ತೆ, ಆದರೆ ಏನಂದ್ರು ಅಂತ ಸ್ಪಷ್ಟವಾಗಲ್ಲ ಅಲ್ವಾ? ‘ಸ’, ‘ಶ’ ಥರದ ಅಕ್ಷರಗಳು ತಪ್ಪಿಹೋಗುತ್ತವೆ” ಎಂದರು. ಹೌದು. ಎಷ್ಟೋ ದಿನದಿಂದ ನಾನು ಎಲ್ಲರಿಗೂ “ಬಾಯಿ ಬಿಟ್ಟು ಮಾತಾಡಿ” ಎಂದು ಗದರುತ್ತಿದ್ದೆ.

ಈಗ ಕಿವಿಗೆ ಯಂತ್ರ ಹಾಕಿಕೊಂಡಿದ್ದೇನೆ. ಮೊದಲ ದಿನ ಅಡಿಗೆಮನೆಯಲ್ಲಿ ಒಗ್ಗರಣೆಯ ಸಾಸಿವೆ ಸಿಡಿದ ಸದ್ದಿಗೆ ಬೆಚ್ಚಿಬಿದ್ದೆ. ಮೊಮ್ಮಗಳು ಬೆಂಗಳೂರಿನಿಂದ ಫೋನು ಮಾಡಿದರೆ ಎರಡೆರಡು ಸಲ ಹೇಳಿಸಿಕೊಳ್ಳುವುದಿಲ್ಲ. ನಲವತ್ತೈದು ರೂಪಾಯಿಯ ಆ ಅಮ್ಮನ ಪಾಸ್‌ಬುಕ್ಕನ್ನು ನಾನು ಆ ತಿಂಗಳೇ ಸರಿಮಾಡಿ ಕೊಟ್ಟಿದ್ದೆ. ಆದರೆ ತಪ್ಪಾಯಿತು ಎಂದು ಹೇಳಿರಲಿಲ್ಲ. ಆ ಬಾಕಿ ಹಾಗೇ ಉಳಿಯಿತು. ಮನೆಯ ಬಾಕಿಯನ್ನು ಮಾತ್ರ ತೀರಿಸಿದ್ದೇನೆ. ಸಿದ್ದಾಪುರದ ದಾರಿಯಲ್ಲಿ ಕಾರು ನಿಲ್ಲಿಸಿ, ಅವಳ ಕಡೆ ತಿರುಗಿ, “ನಿನ್ನ ಕಿವಿ ಸರಿ ಇತ್ತು, ನನ್ನದೇ ತಪ್ಪು” ಎಂದೆ.

“ಏನಂದ್ರಿ? ಕೇಳಿಸಲಿಲ್ಲ” ಎಂದಳು. ಅವಳಿಗೆ ಚೆನ್ನಾಗಿಯೇ ಕೇಳಿಸಿತ್ತು. ಎರಡನೇ ಸಲ ಇನ್ನೂ ಸ್ವಲ್ಪ ಜೋರಾಗಿ ಹೇಳಿದೆ.